ನಮ್ಮ ಹೊಲಗಳ ನಕ್ಷೆ ಮತ್ತು 33 ಅಡಿಯ ಸರಪಳಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಸೀಮೆಯ ರೈತರಿಗೆ ಉತಾರದಷ್ಟೇ ಪರಿಚಿತವಾದ ಕಾಗದ ಊರಿನ ನಕ್ಷೆ. ಇಂಥ ಹಳೆಯ ನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ 1:7920. ನೂರು, ಸಾವಿರದಂಥ ಸರಳ ಸಂಖ್ಯೆ ಬಿಟ್ಟು 7920 ಏಕೆ? ಇದರ ಹಿಂದೆ ನಮ್ಮ ನಾಡಿನ ಚರಿತ್ರೆಯೇ ಇದೆ.

1824ರ ಯುದ್ಧದ ನಂತರ ಕಿತ್ತೂರು ಸಂಸ್ಥಾನ ಕಂಪನಿ ಸರಕಾರದ ವಶವಾಯಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡರು. ಕಂದಾಯ ಗೊತ್ತುಮಾಡಲು ಹೊಸ ಸರಕಾರಕ್ಕೆ ಪ್ರತಿ ಹೊಲದ ಅಳತೆ ಬೇಕಾಯಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿದ ಮೋಜಣಿ ಪದ್ಧತಿ ಮುಂದೆ ಧಾರವಾಡ, ಬೆಳಗಾವಿ ಸೀಮೆಗೂ ಬಂತು. ಅದರ ನಿಯಮಗಳನ್ನು 1847ರ ಜಂಟಿ ವರದಿ ಒಂದೆಡೆ ತಂದಿತು. ರಾಮದುರ್ಗ ಮಾತ್ರ 1948ರವರೆಗೆ ಬೇರೆ ಸಂಸ್ಥಾನವಾಗಿಯೇ ಇತ್ತು.

ಆ ಮೋಜಣಿಯ ಸಾಧನ 33 ಅಡಿಯ ಸರಪಳಿ. ಅದಕ್ಕೆ ರೂಪಾಯಿಯಂತೆ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ.

ನೆಲದ ಉದ್ದವನ್ನು ನಕ್ಷೆಗೆ ಇಳಿಸಲು ಅದನ್ನು 7920ರಿಂದ ಭಾಗಿಸಬೇಕು. ಹೊಲದ ಒಂದು ಬದಿ 10 ಸರಪಳಿ, ಅಂದರೆ 330 ಅಡಿ ಇದೆ ಎನ್ನಿ. ಅದು 3960 ಇಂಚು. ಭಾಗಿಸಿದರೆ ನಕ್ಷೆಯಲ್ಲಿ ಅರ್ಧ ಇಂಚು. ಹಾಗಾದರೆ ನಕ್ಷೆಯ ಒಂದು ಇಂಚಿಗೆ ನೆಲದ ಮೇಲೆ ಸರಿಯಾಗಿ 20 ಸರಪಳಿ. ಒಂದು ಚದರ ಇಂಚಿಗೆ 400 ಗುಂಟೆ, ಅಂದರೆ 10 ಎಕರೆ. 7920ರ ಗುಟ್ಟು ಇಷ್ಟೇ.

ಈ ಲೆಕ್ಕಕ್ಕೊಂದು ಮಿತಿಯೂ ಉಂಟು. ನಕ್ಷೆಯ ಗೆರೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನೆಲದ ಮೇಲೆ ಅದು ಸುಮಾರು 4 ಮೀಟರ್, ಅಂದರೆ 13 ಅಡಿ. ಅಣ್ಣತಮ್ಮಂದಿರ ಬದುವಿನ ಜಗಳ ಸಾಮಾನ್ಯವಾಗಿ ಎರಡು ಮೂರು ಅಡಿಗೆ ಸಂಬಂಧಿಸಿದ್ದು. ಅದು ಆ ಗೆರೆಯೊಳಗೇ ಮುಚ್ಚಿಹೋಗುತ್ತದೆ. ಝೆರಾಕ್ಸ್ ಪ್ರತಿಯಂತೂ ಇನ್ನೂ ಅಪಾಯ. ನಕ್ಷೆಯನ್ನು ನೂರಕ್ಕೆ 71ರಷ್ಟು ಕಿರಿದು ಮಾಡಿದರೂ ಮೂಲೆಯ 1:7920 ಹಾಗೆಯೇ ಅಚ್ಚಾಗುತ್ತದೆ. ಅದನ್ನು ನಂಬಿ ಅಳೆದರೆ 330 ಅಡಿಯ ಬದಿ 234 ಅಡಿಯಾಗಿ ಕಾಣುತ್ತದೆ. ಮೊಬೈಲಿನ ಫೋಟೋಕ್ಕೂ ಇದೇ ಮಾತು. ಬೆರಳಿನಿಂದ ಹಿಗ್ಗಿಸಿದಂತೆಲ್ಲ ಪ್ರಮಾಣ ಬದಲಾಗುತ್ತದೆ.

ಆದ್ದರಿಂದ ಹೊಲ ಎಲ್ಲಿದೆ, ದಾರಿ ಯಾವ ಕಡೆಯಿಂದ ಎಂದು ತಿಳಿಯಲು ನಕ್ಷೆ ನೋಡೋಣ. ಬದುವಿನ ತಂಟೆಗೆ ಮಾತ್ರ ಟಿಪ್ಪಣಿಯ ನಕಲು ತೆಗೆಸಿ, ಮೋಜಣಿದಾರರಿಂದ ಅಳೆಸುವುದೇ ಸರಿ. ಟಿಪ್ಪಣಿಯಲ್ಲಿರುವುದು ಹೊಲದಲ್ಲಿ ನಿಂತು ಅಳೆದು ಬರೆದ ಅಂಕಿಗಳು.

ನಮ್ಮ ಶಾಲೆಯ ಮಕ್ಕಳು ಒಮ್ಮೆ ಆಟದ ಮೈದಾನವನ್ನು ಟೇಪು ಹಿಡಿದು ಅಳೆದು, 1:500 ಪ್ರಮಾಣದಲ್ಲಿ ಬರೆಯಲಿ. 50 ಮೀಟರಿಗೆ 10 ಸೆಂಟಿಮೀಟರ್. ನಾಳೆ ಮನೆಯ ನಕ್ಷೆ ಬಿಚ್ಚಿದಾಗ ಹಿರಿಯರಿಗೆ ಓದಿ ಹೇಳುವವರು ಅವರೇ.