ಗಂಡನ್ನು ಆರಿಸುವ ಹೆಣ್ಣು ಜೇಡ: ಒಂದು ವಾದದ ಇತಿಹಾಸ

ಮಳೆಗಾಲದ ಕೊನೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಅಡಿಕೆ ತೋಟಗಳಲ್ಲಿ ಅಡ್ಡಾಡಿದರೆ ಮರದಿಂದ ಮರಕ್ಕೆ ಕಟ್ಟಿದ ಹೊಂಬಣ್ಣದ ದೊಡ್ಡ ಬಲೆ ಮುಖಕ್ಕೆ ತಾಗುವುದುಂಟು. ಬಲೆಯ ನಡುವೆ ತಲೆಕೆಳಗಾಗಿ ಕುಳಿತ, ಅಂಗೈಯಗಲಕ್ಕೆ ಕಾಲು ಚಾಚಿದ ಜೇಡವೇ ನೆಫಿಲಾ ಪಿಲಿಪೆಸ್. ಅದನ್ನು ನೀವು ನೋಡಿಯೇ ಇರುತ್ತೀರಿ. ಅದೇ ಬಲೆಯ ಅಂಚಿನಲ್ಲಿ ಒಂದೆರಡು ಕೆಂಗಂದು ಬಣ್ಣದ ಪುಟ್ಟ ಜೇಡಗಳೂ ಇರುತ್ತವೆ. ಬಹಳ ಮಂದಿ ಅವನ್ನು ಮರಿಗಳೆಂದು ತಿಳಿಯುತ್ತಾರೆ. ಅವು ಗಂಡುಗಳು! ಹೆಣ್ಣಿನ ದೇಹ 3ರಿಂದ 5 ಸೆಂ.ಮೀ. ಉದ್ದವಾದರೆ ಗಂಡಿನದು 5-6 ಮಿ.ಮೀ. ಮಾತ್ರ. (ಬಲೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಇನ್ನೂ ಚಿಕ್ಕ ಜೇಡಗಳು ಕಂಡರೆ ಅವು ಬೇರೆಯೇ ಜಾತಿ, ಊಟ ಕದಿಯಲು ಬಂದವು.)

ಈ ಗಂಡು ಬೇಟೆಯಾಡಿ ತರುವುದಿಲ್ಲ, ಮೊಟ್ಟೆ ಕಾಯುವುದಿಲ್ಲ. ವೀರ್ಯಾಣುಗಳ ಹೊರತು ಹೆಣ್ಣಿಗೆ ಅದರಿಂದ ಬೇರೇನೂ ಸಿಗದು. ಹಾಗಿದ್ದ ಮೇಲೆ ಹಲವು ಗಂಡುಗಳಲ್ಲಿ ಒಂದನ್ನು ಹೆಣ್ಣು ಆರಿಸಿಕೊಂಡರೆ ಅದರ ಮರಿಗಳಿಗೆ ಏನಾದರೂ ಲಾಭವುಂಟೆ? ಜೀವಶಾಸ್ತ್ರಜ್ಞರು ಈ ಪ್ರಶ್ನೆಯ ಮೇಲೆ ನೂರು ವರ್ಷಕ್ಕೂ ಮೀರಿ ಜಗಳವಾಡಿದ್ದಾರೆ.

ಜಗಳ ಹುಟ್ಟುಹಾಕಿದವನು ಡಾರ್ವಿನ್. 1871ರಲ್ಲಿ ಪ್ರಕಟವಾದ ಮಾನವನ ಉಗಮದ ಕುರಿತ ಗ್ರಂಥದಲ್ಲಿ ಆತ ಲೈಂಗಿಕ ಆಯ್ಕೆಯ ತತ್ತ್ವವನ್ನು ವಿವರವಾಗಿ ಮಂಡಿಸಿದ. ನವಿಲಿನ ಗರಿಯಂಥ ಅಲಂಕಾರಗಳು ಬೆಳೆದುಬಂದದ್ದು ಹೆಣ್ಣುಗಳು ಅವನ್ನು ಮೆಚ್ಚಿ ಆರಿಸಿದ್ದರಿಂದ ಎಂಬುದು ಅದರ ಒಂದು ಭಾಗ. ಜೇಡಗಳೂ ಆ ಗ್ರಂಥದಲ್ಲಿವೆ. 1874ರ ಎರಡನೆಯ ಆವೃತ್ತಿಯಲ್ಲಿ ನಮ್ಮ ನೆಫಿಲಾದ ಬಳಗದ ಪ್ರಸ್ತಾಪವೇ ಬರುತ್ತದೆ. ಕುಳ್ಳ ಗಂಡು ದೈತ್ಯ ಹೆಣ್ಣಿನ ಮೈಮೇಲೆಲ್ಲ ಓಡಾಡುತ್ತಾ ಕಣ್ಣುಮುಚ್ಚಾಲೆಯಾಡಿ ಪ್ರಾಣ ಉಳಿಸಿಕೊಳ್ಳುವುದನ್ನು ಫ್ರೆಂಚ್ ವೀಕ್ಷಕ ವಿನ್ಸನ್ ಬಣ್ಣಿಸಿದ್ದ. ಮೈಮೇಲೆ ಹೀಗೆ ಓಡಾಡುವ ಗಂಡು ಬೇರೊಂದು ಕೆಲಸವನ್ನೂ ಮಾಡುತ್ತದೆ ಎಂಬುದು ಬಹಳ ತಡವಾಗಿ ತಿಳಿಯಿತು. ನೆಫಿಲಾ ಪಿಲಿಪೆಸ್ ಗಂಡು ಹೆಣ್ಣಿನ ಬೆನ್ನಿಗೆ ನವಿರಾದ ರೇಷ್ಮೆ ಎಳೆಗಳನ್ನು ಸುತ್ತುತ್ತದೆ. ಆ ಸ್ಪರ್ಶಕ್ಕೆ ಹೆಣ್ಣು ಶಾಂತವಾಗುತ್ತದೆ ಎಂದು 2011ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಹೆಣ್ಣಿನ ಆಯ್ಕೆಯನ್ನು ಒಪ್ಪದವರಲ್ಲಿ ಮುಖ್ಯನಾದವನು ನಿಸರ್ಗದ ಆಯ್ಕೆಯ ಸಹಶೋಧಕ ವಾಲೇಸ್. ಗಂಡಿನ ಬಣ್ಣ, ಕುಣಿತಗಳೆಲ್ಲ ಅದರ ಹೆಚ್ಚುವರಿ ಚೈತನ್ಯದ ಫಲ, ಹೆಣ್ಣಿನ ಅಭಿರುಚಿಗೆ ಅಲ್ಲಿ ಕೆಲಸವಿಲ್ಲ ಎಂಬುದು ಆತನ ವಾದ. ಇದಕ್ಕೆ ಉತ್ತರ ಬಂದದ್ದು ಅಮೆರಿಕದ ಮಿಲ್ವಾಕೀ ನಗರದಿಂದ. ಅಲ್ಲಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಜಾರ್ಜ್ ಪೆಕ್‌ಹ್ಯಾಮ್ ಮತ್ತು ಆತನ ಪತ್ನಿ ಎಲಿಜಬೆತ್ ಪೆಟ್ಟಿಗೆಗಳಲ್ಲಿ ನೆಗೆಯುವ ಜೇಡಗಳನ್ನಿಟ್ಟು ಗಂಟೆಗಟ್ಟಲೆ ನೋಡುತ್ತಾ ಕುಳಿತರು. ಒಂದು ಗಂಡು ಹೆಣ್ಣಿನ ಮುಂದೆ 111 ಸುತ್ತು ಹಾಕಿದ್ದನ್ನು ಎಣಿಸಿದರು! ಗಂಡು ತನ್ನ ಮೈಯಲ್ಲಿ ಎಲ್ಲಿ ಬಣ್ಣವಿದೆಯೋ ಆ ಭಾಗವೇ ಹೆಣ್ಣಿಗೆ ಕಾಣುವಂತೆ ನಿಲ್ಲುತ್ತದೆ, ಹೆಣ್ಣು ಗಮನವಿಟ್ಟು ನೋಡುತ್ತದೆ ಎಂದು 1889ರಲ್ಲಿ ಬರೆದರು. ನನ್ನ ಮಟ್ಟಿಗೆ, ಶಾಲಾ ಶಿಕ್ಷಕರ ಕೈಯಿಂದ ಬಂದ ಇಷ್ಟು ಸೊಗಸಾದ ವೀಕ್ಷಣೆಗಳು ವಿರಳ. ಬೇಕಾದ್ದು ಬಹಳವೇನಲ್ಲ. ನಿಮ್ಮ ಶಾಲೆಯ ಗೋಡೆಯ ಮೇಲೂ ಪ್ಲೆಕ್ಸಿಪಸ್ ಪೇಕುಲಿ ಎಂಬ ನೆಗೆಯುವ ಜೇಡ ಇದ್ದೀತು. ಗಂಡಿನ ಕಪ್ಪು ಮೈಮೇಲೆ ಬಿಳಿಯ ಪಟ್ಟೆಗಳಿರುತ್ತವೆ, ಹೆಣ್ಣು ಕಂದು.

ಆದರೆ ಪೆಕ್‌ಹ್ಯಾಮ್ ದಂಪತಿಗಳು ತೋರಿಸಿದ್ದು ಅರ್ಧ ಮಾತ್ರ. ಹೆಣ್ಣು ನೋಡುತ್ತದೆ, ಸರಿ. ಅದರಿಂದ ಮರಿಗಳಿಗೇನು? 1930ರಲ್ಲಿ ಫಿಷರ್ ಹೇಳಿದ ಪ್ರಕಾರ ಅಪ್ಪನ ಅಲಂಕಾರ ಗಂಡುಮಕ್ಕಳಿಗೆ ಬರುತ್ತದೆ, ಅವು ಮತ್ತೆ ಹೆಣ್ಣುಗಳಿಗೆ ಮೆಚ್ಚುಗೆಯಾಗುತ್ತವೆ. ಆಯ್ಕೆ ಬಲಗೊಳ್ಳಲು ಇಷ್ಟು ಸಾಕು. 1975ರಲ್ಲಿ ಜಹಾವಿ ಬೇರೆ ದಾರಿ ಹಿಡಿದ: ದುಬಾರಿ ಪ್ರದರ್ಶನವನ್ನು ತಾಳಿಕೊಂಡೂ ಬದುಕಿದ ಗಂಡು ನಿಜಕ್ಕೂ ಗಟ್ಟಿ, ಅದರ ಮರಿಗಳೂ ಗಟ್ಟಿ. ಇವೆರಡೂ ಕಾಗದದ ಮೇಲಿನ ವಾದಗಳು. ಮರಿಗಳನ್ನು ಎಣಿಸಿದ ಹೊರತು ತೀರ್ಮಾನವಿಲ್ಲ.

ಎಣಿಸುವ ಕೆಲಸಕ್ಕೆ ಒದಗಿದ್ದು ಫಿನ್ಲೆಂಡಿನ ಒಂದು ತೋಳ ಜೇಡ, ಹೈಗ್ರೊಲೈಕೋಸಾ ರುಬ್ರೊಫ್ಯಾಸಿಯಾಟಾ. ಇದರ ಗಂಡು ವಸಂತದಲ್ಲಿ ಒಣ ಎಲೆಯ ಮೇಲೆ ಹೊಟ್ಟೆಯನ್ನು ಬಡಿದು ತಮಟೆಯಂತೆ ಸದ್ದು ಮಾಡುತ್ತದೆ. ಸದ್ದು ನಮ್ಮ ಕಿವಿಗೂ ಕೇಳಿಸುತ್ತದೆ. ಅಲಟಾಲೊ, ಕೊಟಿಯಾಹೊ, ಮ್ಯಾಪೆಸ್, ಪ್ಯಾರಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದರ ಮೇಲೆ ಸರಣಿ ಪ್ರಯೋಗ ನಡೆಸಿದರು. ಹೆಚ್ಚು ಬಾರಿ ಬಡಿಯುವ ಗಂಡುಗಳನ್ನೇ ಹೆಣ್ಣುಗಳು ಮೆಚ್ಚಿದವು. ಗಂಡಿನ ಗಾತ್ರ ಅಷ್ಟು ಮುಖ್ಯವಾಗಲಿಲ್ಲ. ಹೊಟ್ಟೆ ತುಂಬ ತಿಂದ ಗಂಡು ಹೆಚ್ಚು ಬಡಿಯಿತು. ಹತ್ತಿರ ಹೆಣ್ಣನ್ನಿಟ್ಟು ಹೆಚ್ಚು ಬಡಿಯುವಂತೆ ಪ್ರಚೋದಿಸಿದಾಗ ಗಂಡುಗಳ ಸಾವು ಹೆಚ್ಚಿತು. ಅಂದರೆ ಬಡಿತ ಸುಳ್ಳು ಜಾಹೀರಾತಲ್ಲ. ಕೊನೆಗೆ 1998ರಲ್ಲಿ ಮರಿಗಳ ಲೆಕ್ಕ ಬಂತು: ಹೆಚ್ಚು ಬಡಿಯುವ ತಂದೆಯ ಮರಿಗಳು ಬದುಕುಳಿಯುವ ಪ್ರಮಾಣ ಹೆಚ್ಚು, ಆದರೆ ಸ್ವಲ್ಪವೇ ಹೆಚ್ಚು.

ಈ ಸ್ವಲ್ಪವನ್ನು ಕಂಡು ನಿರಾಶರಾಗಬೇಡಿ. ಆರಿಸಲು ಹೆಣ್ಣಿಗೆ ತಗಲುವ ವೆಚ್ಚವೂ ಅಲ್ಪವಾದರೆ ಆಯ್ಕೆಯ ಗುಣ ಉಳಿಯಲು ಅಲ್ಪ ಲಾಭವೇ ಸಾಕು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ತೊಡಕೊಂದಿದೆ. ಮೆಚ್ಚಿದ ಗಂಡಿನೊಡನೆ ಕೂಡಿದ ಹೆಣ್ಣು ಮೊಟ್ಟೆಗಳಿಗೆ ಹೆಚ್ಚು ಪೋಷಕಾಂಶ ತುಂಬಿದರೂ ಮರಿಗಳು ಗಟ್ಟಿಯಾಗಬಹುದು. ಆಗ ಅದು ತಾಯಿಯ ಕೊಡುಗೆ, ತಂದೆಯ ಜೀನುಗಳದ್ದಲ್ಲ. ಇವೆರಡನ್ನು ಬೇರ್ಪಡಿಸುವುದು ಇಂದಿಗೂ ಸುಲಭವಲ್ಲ.

ಆಯ್ಕೆ ಸಮಾಗಮದೊಂದಿಗೆ ಮುಗಿಯುವುದೂ ಇಲ್ಲ. ಹೆಣ್ಣು ಜೇಡ ವೀರ್ಯಾಣುಗಳನ್ನು ದೇಹದೊಳಗಿನ ಚೀಲಗಳಲ್ಲಿ ಕೂಡಿಡುತ್ತದೆ. ಬಲೆಯ ನಡುವೆ ಗುಣಾಕಾರದ ಚಿಹ್ನೆಯಂತೆ ದಪ್ಪ ಎಳೆ ಹೆಣೆಯುವ ಆರ್ಜಿಯೋಪೆ ನಿಮ್ಮ ತೋಟದ ಬೇಲಿಯಲ್ಲೂ ಇದೆಯಲ್ಲ, ಅದರ ಬಂಧು ಆರ್ಜಿಯೋಪೆ ಲೋಬಾಟಾದಲ್ಲಿ ಹೆಣ್ಣು ಒಡಹುಟ್ಟಿದ ಗಂಡಿನ ವೀರ್ಯಾಣುಗಳನ್ನು ಕಡಿಮೆ ಸಂಗ್ರಹಿಸುತ್ತದೆ ಎಂದು 2009ರಲ್ಲಿ ತಿಳಿದುಬಂತು.

ನಮ್ಮ ರಾಜ್ಯದಲ್ಲಿ ಹೆಣ್ಣಿನ ಆಯ್ಕೆಯ ಬಗ್ಗೆ ಹಣ್ಣುನೊಣದ ಮೇಲೆ ಕೆಲಸ ನಡೆದಿದೆ. ಮೈಸೂರಿನ ಮಾನಸಗಂಗೋತ್ರಿಯ ಹೆಗಡೆ ಮತ್ತು ಕೃಷ್ಣ ಅವರು 1997ರಲ್ಲಿ ಡ್ರೊಸೊಫಿಲಾ ಮಲೆರ್ಕೊಟ್ಲಿಯಾನಾದಲ್ಲಿ ಗಾತ್ರಕ್ಕೆ ತಕ್ಕ ಜೋಡಿಯಾಗುವಿಕೆಯನ್ನು ವರದಿ ಮಾಡಿದರು. ಡ್ರೊಸೊಫಿಲಾ ಬೈಪೆಕ್ಟಿನಾಟಾದ ಹೆಣ್ಣುಗಳು ಎಳೆಯ ಗಂಡುಗಳಿಗಿಂತ ವಯಸ್ಸಾದವನ್ನೇ ಹೆಚ್ಚು ಒಪ್ಪುತ್ತವೆಂದು 2011ರಲ್ಲಿ ಸೋಮಶೇಖರ್ ಮತ್ತು ಕೃಷ್ಣ ತೋರಿಸಿದರು. ನೊಣಕ್ಕೆ ಬಾಟಲಿ ಸಾಕು, ಹತ್ತು ಹನ್ನೆರಡು ದಿನಕ್ಕೊಂದು ಪೀಳಿಗೆ. ಜೇಡಗಳು ಒಂದನ್ನೊಂದು ತಿನ್ನುವುದರಿಂದ ಪ್ರತಿ ಮರಿಗೂ ಬೇರೆ ಮನೆ ಬೇಕು, ಜೀವಂತ ಆಹಾರ ಬೇಕು.

ಆದರೂ ತೋಟದ ದರಗಿನಲ್ಲಿ ಓಡಾಡುವ ತೋಳ ಜೇಡ ಒಂದು ಅನುಕೂಲ ಕೊಡುತ್ತದೆ. ತಾಯಿ ಮೊಟ್ಟೆಯ ಗುಂಡು ಚೀಲವನ್ನು ಹಿಂಬದಿಗೆ ಅಂಟಿಸಿಕೊಂಡೇ ತಿರುಗುತ್ತದೆ, ಒಡೆದ ಮೇಲೆ ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ. ಅಂಥ ತಾಯಿಯೊಂದನ್ನು ಅಗಲ ಬಾಯಿಯ ಡಬ್ಬಿಯಲ್ಲಿಟ್ಟು, ಒದ್ದೆ ಹತ್ತಿಯಿಟ್ಟು, ಮರಿಗಳು ಬೆನ್ನಿನಿಂದ ಇಳಿಯುವ ದಿನ ಎಣಿಸಿ, ಮತ್ತೆ ತೋಟಕ್ಕೇ ಬಿಟ್ಟುಬರಬಹುದು.