ಸ್ಕ್ಯಾನರ್ ಕೆಟ್ಟಿಲ್ಲ, ಡ್ರೈವರ್ ಬರೆದವರಿಲ್ಲ

ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸಿದ ಮರುದಿನ, ಹತ್ತು ವರ್ಷ ದುಡಿದ ಸ್ಕ್ಯಾನರ್ ಮೌನವಾಗುತ್ತದೆ. ಲೈಟ್ ಉರಿಯುತ್ತೆ, ಮೋಟರ್ ಓಡುತ್ತೆ, ಕಂಪ್ಯೂಟರ್ ಮಾತ್ರ ಗುರುತು ಹಿಡಿಯಲ್ಲ. ಅಂಗಡಿಯವರ ಉತ್ತರ ಸಿದ್ಧ: ‘ಹಳೇದಾಯ್ತು ಸಾರ್, ಹೊಸದು ತಗೊಳ್ಳಿ.’ ಅಸಲಿಗೆ ಸ್ಕ್ಯಾನರ್‌ಗೆ ಏನೂ ಆಗಿರುವುದಿಲ್ಲ.

‘ಈ ಪುಟ ಓದು’ ಎಂಬ ವಿಂಡೋಸ್ ಆದೇಶವನ್ನು ಆ ನಿರ್ದಿಷ್ಟ ಮಾಡೆಲ್‌ನ ಚಿಪ್‌ಗೆ ಅರ್ಥವಾಗುವಂತೆ ದಾಟಿಸುವ ತಂತ್ರಾಂಶವೇ ಡ್ರೈವರ್. ಮಾಮೂಲಿ ಆ್ಯಪ್ ಕುಸಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಆದರೆ ಬಹಳಷ್ಟು ಡ್ರೈವರ್‌ಗಳು ಓಡುವುದು ಆಪರೇಟಿಂಗ್ ಸಿಸ್ಟಮ್‌ನ ಗರ್ಭಗುಡಿಯಾದ ಕರ್ನಲ್ ಒಳಗೆ. ಅಲ್ಲಿ ಎಡವಿದರೆ ಇಡೀ ಯಂತ್ರ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಅದಕ್ಕೇ ಭದ್ರತೆಗಾಗಿ ಕರ್ನಲ್ ನಿಯಮ ಬದಲಿಸಿದಾಗಲೆಲ್ಲ ಮೊದಲ ಪೆಟ್ಟು ತಿನ್ನುವುದು ಡ್ರೈವರ್.

2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ನೋಡಿ. ಗ್ರಾಫಿಕ್ಸ್ ಡ್ರೈವರ್‌ನ ದೊಡ್ಡ ಭಾಗವನ್ನು ಅದು ಕರ್ನಲ್‌ನಿಂದ ಹೊರಹಾಕಿತು. 64-ಬಿಟ್ ಆವೃತ್ತಿಯಲ್ಲಿ ಡಿಜಿಟಲ್ ಸಹಿ ಇಲ್ಲದ ಕರ್ನಲ್ ಡ್ರೈವರ್‌ಗೆ ಪ್ರವೇಶವೇ ಇಲ್ಲ ಎಂದಿತು. ಸಾಲದ್ದಕ್ಕೆ, ಮೆಮೊರಿ ವಿಳಾಸವನ್ನು 4 ಬೈಟ್‌ನಲ್ಲಿ ಬರೆಯುವ 32-ಬಿಟ್ ಡ್ರೈವರ್, 8 ಬೈಟ್ ವಿಳಾಸದ 64-ಬಿಟ್ ಕರ್ನಲ್‌ನಲ್ಲಿ ಲೋಡ್ ಆಗುವುದೇ ಇಲ್ಲ. ಎಲ್ಲವೂ ಸರಿಯಾದ ನಿರ್ಧಾರಗಳೇ. ಆದರೆ ಮತ್ತೆ ಬರೆಯುವವರು ಯಾರು? ಕಂಪನಿಗೆ ದುಡ್ಡು ಬರುವುದು ಯಂತ್ರ ಮಾರಿದಾಗ, ಮಾರಿಹೋದ ಯಂತ್ರಕ್ಕೆ ಡ್ರೈವರ್ ಬರೆದಾಗಲ್ಲ. ಬರೆದವರೂ ಅವಸರದಲ್ಲಿ ಬರೆದರು. ಮುಂದೆ ಅಮೆರಿಕದ ಮೊಕದ್ದಮೆಯೊಂದರಲ್ಲಿ ಬಯಲಾದ ಮೈಕ್ರೋಸಾಫ್ಟ್ ದಾಖಲೆಗಳ ಪ್ರಕಾರ, 2007ರಲ್ಲಿ ಅದು ದಾಖಲಿಸಿಕೊಂಡ ವಿಸ್ಟಾ ಕುಸಿತಗಳ ಪೈಕಿ ಶೇ 28ಕ್ಕೂ ಹೆಚ್ಚು ಎನ್‌ವಿಡಿಯಾ ಡ್ರೈವರ್‌ಗಳದ್ದು. 2009ರ ವಿಂಡೋಸ್ 7 ಇದೇ ಅಡಿಪಾಯದ ಮೇಲೆ ನಿಂತಿತ್ತು, ವಿಸ್ಟಾದ ಬಹುತೇಕ ಡ್ರೈವರ್‌ಗಳು ಅದರಲ್ಲೂ ನಡೆದವು. ಬೈಗುಳ ವಿಸ್ಟಾಗೆ, ಹೊಗಳಿಕೆ 7ಕ್ಕೆ!

2021ರ ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 32-ಬಿಟ್ ಡ್ರೈವರ್ ಮಾತ್ರ ಇರುವ ಯಂತ್ರಗಳಿಗೆ ಇದ್ದ ಕೊನೆಯ ಆಸರೆಯೂ ಹೋಯಿತು.

ಲಿನಕ್ಸ್‌ನ ದಾರಿಯೇ ಬೇರೆ. ಕರ್ನಲ್ ಒಳಗಿನ ನಿಯಮಗಳು ಯಾವಾಗ ಬೇಕಾದರೂ ಬದಲಾಗಬಹುದು ಎಂದು ಅದು ಮೊದಲೇ ಹೇಳಿಬಿಡುತ್ತದೆ. ಆದರೆ ಡ್ರೈವರ್‌ಗಳ ಮೂಲ ಕೋಡ್ ಕರ್ನಲ್ ಜೊತೆಯಲ್ಲೇ ಇರುವುದರಿಂದ, ನಿಯಮ ಬದಲಿಸಿದವರೇ ಅವುಗಳನ್ನೂ ತಿದ್ದಬೇಕು. ಸ್ಕ್ಯಾನರ್‌ಗಳಿಗೆ ಸೇನ್ ಎಂಬ ಮುಕ್ತ ತಂತ್ರಾಂಶವಿದೆ. ಕಂಪನಿ ಕೈಬಿಟ್ಟ ಎಷ್ಟೋ ಮಾಡೆಲ್‌ಗಳು ಅದರಲ್ಲಿ ಇಂದಿಗೂ ನಡೆಯುತ್ತವೆ. ಹಾಗಂತ ಇದೇನೂ ಚಿರಂಜೀವಿ ವರವಲ್ಲ. ನೋಡಿಕೊಳ್ಳುವವರಿಲ್ಲದ ಡ್ರೈವರ್‌ಗಳನ್ನು ಲಿನಕ್ಸ್ ಕೂಡ ತೆಗೆದುಹಾಕುತ್ತದೆ.

ಅಪ್‌ಗ್ರೇಡ್‌ಗೆ ಮುಂಚೆ ಕಂಪನಿಯ ಸೈಟ್‌ನಲ್ಲಿ ನಿಮ್ಮ ಮಾಡೆಲ್‌ಗೆ 64-ಬಿಟ್ ಡ್ರೈವರ್ ಇದೆಯಾ ನೋಡಿ. ಇಲ್ಲದಿದ್ದರೆ ಸಹಿ ತಪಾಸಣೆ ಆಫ್ ಮಾಡಿಸುವ ಯೂಟ್ಯೂಬ್ ವಿದ್ಯೆಗಳಿಗೆ ಮಾತ್ರ ಕೈಹಾಕಬೇಡಿ, ಅದು ಅಪರಿಚಿತರಿಗೆ ಕರ್ನಲ್ ಕೀಲಿಕೈ ಕೊಟ್ಟ ಹಾಗೆ. ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಒಂದನ್ನು ಬೂಟ್ ಮಾಡಿ ಸ್ಕ್ಯಾನರ್ ಸಿಗಿಸಿ ನೋಡಿ. ಗುಜರಿಗೆ ಹಾಕುವುದು ಆಮೇಲೆ.