ಚಲಿಸುವ ಶಾಲೆಯಿಂದ ಆನ್‌ಲೈನ್ ತರಗತಿಗೆ: ಅಮೆರಿಕದ ಕಪ್ಪು ಜನರ ಕಾಲೇಜುಗಳಲ್ಲಿ ನಾಯಕತ್ವದ ಪ್ರಶ್ನೆ

ಅಮೆರಿಕದ ಕಪ್ಪು ಜನರ ಕಾಲೇಜುಗಳಲ್ಲಿ ಆನ್‌ಲೈನ್ ಶಿಕ್ಷಣದ ಕಥೆಯನ್ನು 2020ರ ಮಾರ್ಚ್‌ನಿಂದ, ಅಂದರೆ ಕೋವಿಡ್ ಕಾರಣ ಕಾಲೇಜು ಆವರಣಗಳು ಬರಿದಾದ ದಿನಗಳಿಂದ, ಆರಂಭಿಸುವುದು ಸುಲಭ. ಆದರೆ ಆವರಣಕ್ಕೆ ಬರಲಾರದವರ ಬಳಿಗೆ ಪಾಠವನ್ನು ಒಯ್ಯುವ ಕೆಲಸ ಈ ಸಂಸ್ಥೆಗಳಿಗೆ ಹೊಸದಲ್ಲ. 1964ಕ್ಕೆ ಮೊದಲು ಸ್ಥಾಪನೆಗೊಂಡು, ಕಪ್ಪು ಜನರ ಶಿಕ್ಷಣವನ್ನೇ ಮುಖ್ಯ ಧ್ಯೇಯವಾಗಿಟ್ಟುಕೊಂಡ ಕಾಲೇಜುಗಳಿಗೆ 1965ರ ಉನ್ನತ ಶಿಕ್ಷಣ ಕಾಯ್ದೆಯು ಪ್ರತ್ಯೇಕ ಮಾನ್ಯತೆ ನೀಡಿತು. ಇಂದು ಇಂತಹ ಸುಮಾರು ನೂರು ಸಂಸ್ಥೆಗಳಿವೆ.

ಅಲಬಾಮಾದ ಟಸ್ಕೀಗಿಯಲ್ಲಿ 1881ರಲ್ಲಿ ಆರಂಭವಾದ ಶಾಲೆಯ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್, 1892ರಿಂದ ಸುತ್ತಲಿನ ರೈತರನ್ನು ವಾರ್ಷಿಕ ಸಮ್ಮೇಳನಕ್ಕೆ ಕರೆಯತೊಡಗಿದರು. ಕರೆದರೂ ಬರಲಾಗದ ಗೇಣಿದಾರರು ಅನೇಕರಿದ್ದರು. 1906ರಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ರೂಪಿಸಿದ, ಮಾರಿಸ್ ಜೆಸಪ್ ಅವರ ಧನಸಹಾಯದಿಂದ ಸಿದ್ಧವಾದ ಬಂಡಿಯೊಂದು ಕೃಷಿ ಸಲಕರಣೆಗಳನ್ನು ಹೊತ್ತು ಹಳ್ಳಿಗಳತ್ತ ಹೊರಟಿತು. ಅದೇ ವರ್ಷ ಅದರ ಹೊಣೆ ಥಾಮಸ್ ಕ್ಯಾಂಪ್‌ಬೆಲ್ ಅವರದಾಯಿತು. ಮುಂದೆ ಬಂಡಿಯ ಜಾಗಕ್ಕೆ ಮೋಟಾರು ವಾಹನ ಬಂದಾಗ ದಾದಿಯೂ ಗೃಹವಿಜ್ಞಾನದ ಶಿಕ್ಷಕಿಯೂ ಅದರಲ್ಲಿ ಪ್ರಯಾಣಿಸಿದರು. ವಾಹನ ಬದಲಾಯಿತು, ಆದರೆ ಅದರೊಡನೆ ಮನುಷ್ಯರು ಹೋಗಲೇಬೇಕೆಂಬ ನಿಯಮ ಬದಲಾಗಲಿಲ್ಲ.

ಪಾಠ ಯಾರನ್ನು ತಲುಪಬೇಕೆಂಬುದು ಹೀಗೆ ನಾಯಕತ್ವದ ನಿರ್ಧಾರವಾಗಿತ್ತು. ಆದರೆ ನಿರ್ಧರಿಸುವ ಅಧಿಕಾರ ಎಲ್ಲೆಡೆ ಕಪ್ಪು ಜನರ ಕೈಯಲ್ಲಿರಲಿಲ್ಲ. ಹವರ್ಡ್ ವಿಶ್ವವಿದ್ಯಾಲಯವು 1867ರಲ್ಲಿ ಸ್ಥಾಪನೆಯಾದರೂ ಅದರ ಮೊದಲ ಕಪ್ಪು ಅಧ್ಯಕ್ಷರಾಗಿ ಮಾರ್ಡಕೈ ಜಾನ್ಸನ್ ನೇಮಕಗೊಂಡದ್ದು 1926ರಲ್ಲಿ. ಫಿಸ್ಕ್‌ನಲ್ಲಿ 1925ರ ವಿದ್ಯಾರ್ಥಿ ಮುಷ್ಕರವು ಬಿಳಿಯ ಅಧ್ಯಕ್ಷ ಮೆಕೆಂಜಿ ಅವರ ರಾಜೀನಾಮೆಗೆ ಕಾರಣವಾಯಿತು; ಆದರೂ ಚಾರ್ಲ್ಸ್ ಎಸ್. ಜಾನ್ಸನ್ ಮೊದಲ ಕಪ್ಪು ಅಧ್ಯಕ್ಷರಾಗಿ ಆಯ್ಕೆಯಾಗಲು 1946ರವರೆಗೆ ಕಾಯಬೇಕಾಯಿತು.

ಅಧಿಕಾರ ದೊರೆತರೂ ಹಣ ದೊರೆಯಲಿಲ್ಲ. ಆಗ ಟಸ್ಕೀಗಿಯ ಅಧ್ಯಕ್ಷ ಫ್ರೆಡರಿಕ್ ಪ್ಯಾಟರ್ಸನ್, ಒಂದೊಂದು ಕಾಲೇಜು ಪ್ರತ್ಯೇಕವಾಗಿ ಕೈಯೊಡ್ಡುವ ಬದಲು ಎಲ್ಲರೂ ಒಟ್ಟಾಗಿ ನಿಧಿ ಸಂಗ್ರಹಿಸಬೇಕೆಂದರು. 1944ರಲ್ಲಿ 27 ಖಾಸಗಿ ಕಾಲೇಜುಗಳು ಸೇರಿ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಅನ್ನು ಕಟ್ಟಿದವು.

2020ರ ನಂತರದ ಬೆಳವಣಿಗೆಗಳನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಸ್ಪೆಲ್ಮನ್ ಕಾಲೇಜು 2021ರಲ್ಲಿ, ದುಡಿಯುತ್ತಲೇ ಕಲಿಯಬಯಸುವ ವಯಸ್ಕರಿಗಾಗಿ ಇ-ಸ್ಪೆಲ್ಮನ್ ಎಂಬ ಆನ್‌ಲೈನ್ ವಿಭಾಗವನ್ನು ತೆರೆಯಿತು. ಪ್ಯಾಟರ್ಸನ್ ಕಟ್ಟಿದ ಅದೇ ನಿಧಿಯು, ಸಣ್ಣ ಕಾಲೇಜುಗಳು ಹಂಚಿಕೊಳ್ಳಬಹುದಾದ ಎಚ್‌ಬಿಸಿಯುವಿ ಎಂಬ ಸಾಮಾನ್ಯ ವೇದಿಕೆಯನ್ನು ರೂಪಿಸಲು ಮುಂದಾಯಿತು. ಬಡ ಸಂಸ್ಥೆಯೊಂದು ಒಂಟಿಯಾಗಿ ಕೊಳ್ಳಲಾರದ್ದನ್ನು ಕೂಡಿ ಕಟ್ಟಬಹುದೆಂಬ ಹಳೆಯ ವಿವೇಕವೇ ಇಲ್ಲಿಯೂ ಕಾಣುತ್ತದೆ.

ಆದರೂ ಒಂದು ಆತಂಕ ಉಳಿಯುತ್ತದೆ. ಈ ಕಾಲೇಜುಗಳು ಪಠ್ಯವನ್ನಷ್ಟೇ ಕೊಟ್ಟವಲ್ಲ. ಹೊರಗಿನ ಸಮಾಜ ಅವಮಾನಿಸಿದ ತರುಣರಿಗೆ ಅವರನ್ನು ಹೆಸರು ಹಿಡಿದು ಬಲ್ಲ ಅಧ್ಯಾಪಕರನ್ನು ಕೊಟ್ಟವು. ಪರದೆಯ ಮೇಲೆ ಮೊದಲು ನಷ್ಟವಾಗಬಹುದಾದದ್ದು ಅದೇ. ಎಷ್ಟು ಮಂದಿ ನೋಂದಾಯಿಸಿಕೊಂಡರು ಎಂಬ ಲೆಕ್ಕವಷ್ಟೇ ಇಂದಿನ ಅಧ್ಯಕ್ಷರ ಅಳತೆಗೋಲಾಗಬಾರದು. ಟಸ್ಕೀಗಿಯ ಬಂಡಿ ಹಳ್ಳಿಗೆ ಬಂದಾಗ ಅದರಿಂದ ಶಿಕ್ಷಕನೊಬ್ಬ ಕೆಳಗಿಳಿದು ಹೊಲದೊಳಗೆ ನಡೆದುಬರುತ್ತಿದ್ದ. ಆನ್‌ಲೈನ್ ತರಗತಿಯಲ್ಲಿ ಹಾಗೆ ಇಳಿದು ಬರುವವರು ಯಾರು ಎಂಬ ಪ್ರಶ್ನೆಗೆ ನಾಯಕತ್ವ ಉತ್ತರಿಸಬೇಕಾಗಿದೆ.